ಕಾಲುಂಗುರ ತೊಡಿಸುವಾಗ ನಕ್ಕವಳು

ಅವನ ಕೈ ಅವಳ ಪಾದಕ್ಕೆ ತಾಗಿದ್ದೇ ತಡ...

ನಾಗರತ್ನಾ ನಕ್ಕುಬಿಟ್ಟಳು!

ಮುಸಿನಗುವಾಗಿದ್ದರೆ ಹುಡುಗಿಗೆ ನಾಚಿಕೆ ಎಂದು ಜನ ಸುಮ್ಮನಾಗುತ್ತಿದ್ದರು. ಇದು ಹಂದರದ ಹಿಂದೆ ಬುಂದೆ ಕರಿಯುತ್ತಿದ್ದವರಿಗೂ ಕೇಳುವಂಥ ಕಿಲಕಿಲ ನಗು. ನಗುತ್ತಲೇ ಅವಳು ಕಾಲು ಜಾಡಿಸಿದಳು. ಮದುಮಗನ ಕೈಯಲ್ಲಿದ್ದ ಬೆಳ್ಳಿಯ ಕಾಲುಂಗುರ ಹಾರಿ ಅರಿಷಿಣ ಕಲಸಿದ ತಟ್ಟೆಯಲ್ಲಿ ಬಿತ್ತು.

ಮದುಮಕ್ಕಳಿಗೆ ಅರಿಷಿಣದ ನೀರು ಹಾಕುವ ಸುರಗಿಯ ಹೊತ್ತು ಅದು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿದ್ದರು. ಇನ್ನೆರಡು ತಾಸಿಗೆ ಅಕ್ಕಿಕಾಳು ಬೀಳಬೇಕು. ಮದುಮಗನ ಇಳಕಲ್ಲಿನ ಮನೆತನಕ್ಕೆ ಒಂದು ಪದ್ಧತಿ ಇತ್ತು. ಬೇರೆ ಮನೆಗಳಲ್ಲಿ ಅಕ್ಕಸಾಲಿ ಪತ್ತಾರನೋ ಮುತ್ತೈದೆಯರೋ ಕಾಲುಂಗುರ ತೊಡಿಸಿದರೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಮದುಮಗನೇ ಎಲ್ಲರೆದುರು ತನ್ನ ಕೈಯಾರೆ ತೊಡಿಸಬೇಕು.

ಆ ಕೈಯಲ್ಲೇ ಇತ್ತು ನೋಡಿ ತೊಡಕು.

ಚೇತನಕುಮಾರನ ಬಲಗೈಗೆ ಮೂರೇ ಬೆರಳು. ಕಿರುಬೆರಳು, ಉಂಗುರಬೆರಳು ಎರಡನ್ನೂ ನಾಲ್ಕು ವರ್ಷದ ಕೆಳಗೆ ಗ್ರಾನೈಟ್ ಕೊಯ್ಯುವ ಮಶೀನು ತೆಗೆದುಕೊಂಡಿತ್ತು. ಉಳಿದದ್ದು ಎರಡು ಒರಟು ಮೊಂಡುಗಳು. ಪಾದವನ್ನು ಕೆಳಗಿನಿಂದ ಹಿಡಿದಾಗ ಆ ಮೊಂಡುಗಳೇ ಅವಳ ಅಂಗಾಲಿಗೆ ತಾಗಿದ್ದವು.

"ಯವ್ವಾ... ಕೈ ನೋಡಿ ನಕ್ಳಲ್ಲ!" ಪಕ್ಕದ ಮನೆಯ ಸಾವಂತ್ರವ್ವ ಸಣ್ಣ ದನಿಯಲ್ಲೇ ಅಂದಳು. ಆದರೆ ಸಾವಂತ್ರವ್ವನ ಸಣ್ಣ ದನಿ ಎಂದರೆ ಓಣಿಗೆಲ್ಲ ಕೇಳುವಷ್ಟು ಇರುತ್ತದೆ.

ಚೇತನನ ಮುಖದಲ್ಲಿದ್ದ ಅರಿಷಿಣದ ಕೆಳಗೂ ಬಣ್ಣ ಇಳಿದದ್ದು ಕಾಣಿಸಿತು. ಅವನು ತಟ್ಟೆಯಿಂದ ಕಾಲುಂಗುರ ಎತ್ತಿ, ಧೋತರದ ಚುಂಗಿನಲ್ಲಿ ಒರೆಸಿ, ತಾಯಿ ಶಿವಬಸವ್ವನ ಕೈಗೆ ಕೊಟ್ಟ. ಬಲಗೈಯನ್ನು ಶಲ್ಲೆಯ ಒಳಗೆ ಎಳೆದುಕೊಂಡ.

"ಇರಲಿ ಬಿಡವ್ವ. ಆಮ್ಯಾಲ ನೋಡೂಣು."

ನಾಗರತ್ನಾಳ ನಗು ಅಲ್ಲೇ ನಿಂತಿತು. 'ಅಯ್ಯೋ... ಅದಕ್ಕಲ್ಲ! ನಿಮ್ಮ ಕೈಗಲ್ಲ ನಾನು ನಕ್ಕಿದ್ದು!'

ಅವಳ ಹಿಂದೆ ಕೂತಿದ್ದ ತಾಯಿ ಇಂದ್ರವ್ವನಿಗೆ ಎಲ್ಲಾ ಗೊತ್ತಿತ್ತು. ಇಂದ್ರವ್ವ ಬಾಯಿ ತೆರೆದಳು. "ಹಂಗಲ್ರೀ ಬೀಗರ, ನಮ್ಮ ಹುಡುಗಿಗಿ..."

ಅಷ್ಟರಲ್ಲೇ ನಾಗರತ್ನಾ ತಾಯಿಯ ಕೈಯನ್ನು ಉಗುರು ನಾಟುವಂತೆ ಹಿಂಡಿ ಪಿಸುಗುಟ್ಟಿದಳು.

"ಹೇಳಬ್ಯಾಡ ಅವ್ವಾ... ನಿನ್ನ ಕಾಲಿಗಿ ಬೀಳ್ತೇನಿ, ಹೇಳಬ್ಯಾಡ!"

ಇಂದ್ರವ್ವನ ಬಾಯಿ ಮುಚ್ಚಿತು. ಅಕ್ಕಿಕಾಳು ಬಿದ್ದವು. ಮದುವೆ ಆಗಿಹೋಯಿತು. ಅವಳ ಕಾಲ್ಬೆರಳು ಮಾತ್ರ ಬರಿದಾಗಿ ಉಳಿದವು.

* * *

ಕಚಗುಳಿ ಎಂಬುದು ಬಲು ಕಪಟಿ. ಹೊಡೆದರೆ ಅಳು ಬರುತ್ತದೆ, ಬೈದರೆ ಸಿಟ್ಟು ಬರುತ್ತದೆ, ಅದರಲ್ಲಿ ಮೋಸವಿಲ್ಲ. ಕಚಗುಳಿ ಇಟ್ಟರೆ ಮಾತ್ರ ಒಳಗೊಂದು, ಹೊರಗೊಂದು! ಓಡೋಡಿ ಬಂದು ಅಪ್ಪನ ಮುಂದೆ ಹೊಟ್ಟೆ ತೋರಿಸುವ ಕೂಸೂ ನಗುತ್ತದೆ, ಬಿಟ್ಟರೆ ಸಾಕಪ್ಪಾ ಎಂದು ಒದ್ದಾಡುವವರೂ ನಗುತ್ತಾರೆ. ನೋಡುವವರಿಗೆ ಎರಡೂ ಒಂದೇ ನಗು.

ನಾಗರತ್ನಾಳದು ಎರಡನೆಯ ಜಾತಿ. ಅದರ ಹಿಂದೆ ಒಂದು ಕಥೆ ಇತ್ತು. ಅದನ್ನು ಅವಳು ಹದಿನೈದು ವರ್ಷ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಸುರಗಿಯಲ್ಲಿ ಕಚಗುಳಿ ಎಂಬ ಮಾತು ಎದ್ದರೆ, ಅಲ್ಲೇ ಕೂತಿದ್ದ ತಾಯಿಯ ತಂಗಿಯರಾದ ಚಿಗವ್ವಂದಿರು ಆ ಕಥೆಯನ್ನು ಬೀಗರ ಮುಂದೆ ಬಿಚ್ಚಿ, ಹೊಟ್ಟೆ ಹಿಡಿದು ನಗುತ್ತಿದ್ದರು. ಅದಕ್ಕೇ ತಾಯಿಯ ಕೈ ಹಿಂಡಿದ್ದಳು.

ತನ್ನ ನಾಚಿಕೆ ಮುಚ್ಚಿಕೊಳ್ಳಲು ಹೋಗಿ ಅವನನ್ನು ನಾಲ್ಕು ಜನರ ನಡುವೆ ಬೆತ್ತಲೆ ನಿಲ್ಲಿಸಿದ್ದೆ ಎಂದು ಅವಳಿಗೆ ಅರ್ಥವಾಗುವ ಹೊತ್ತಿಗೆ ಕಾಲ ಮಿಂಚಿತ್ತು.

ಅವನೋ... ಎಂಥ ನೇರ ಮನುಷ್ಯ! ಹೆಣ್ಣು ನೋಡಲು ಬದಾಮಿಗೆ ಬಂದ ದಿನ ಕೈಯನ್ನು ಕಿಸೆಯಲ್ಲಿ ಅಡಗಿಸಿರಲಿಲ್ಲ. ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿ, ಬಲಗೈಯನ್ನು ಟೀಪಾಯಿಯ ಮೇಲೆ ಇಟ್ಟಿದ್ದ.

"ನೋಡ್ರಿ, ಇದು ನನ್ನ ಕೈ. ಫೋಟೋದಾಗ ಕಂಡಿರಂಗಿಲ್ಲ. ಚೆಂದಂಗ ನೋಡಿ, ಆಮ್ಯಾಲ ಹೂಂ ಅನ್ರಿ."

ಅವಳು ಚೆನ್ನಾಗಿಯೇ ನೋಡಿದ್ದಳು. ನೋಡಿಯೇ ಹೂಂ ಅಂದಿದ್ದಳು. ಆ ಹೂಂಗೆ ಅವನ ಕಣ್ಣಲ್ಲಿ ಮೂಡಿದ ಬೆಳಕನ್ನು ಅವಳು ಮರೆತಿರಲಿಲ್ಲ.

ಈಗ ಆ ಬೆಳಕು ಆರಿತ್ತು.

ಮದುವೆಯಾಗಿ ಐದು ವಾರವಾದರೂ ಅವನು ಅವಳನ್ನು ಮುಟ್ಟಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು! ಹೆಂಡತಿಗೆ 'ನೀವು' ಅನ್ನುತ್ತಿದ್ದ. "ಊಟ ಆತ್ರಿ?" "ಬಾಗಲಾ ಹಾಕ್ಕೊಳ್ರಿ." ಆ ಒಂದೊಂದು 'ರಿ'ಯೂ ಅವಳನ್ನು ಒಂದೊಂದು ಮಾರು ದೂರ ನಿಲ್ಲಿಸುತ್ತಿತ್ತು.

ಆದರೂ ಅವಳು ತವರಿನಿಂದ ತಂದ ಹೊಲಿಗೆ ಮಶೀನಿಗೆ ಎಣ್ಣೆ ಬಿಟ್ಟವನು ಅವನೇ. ಬೆಳಕು ಸರಿಯಾಗಿ ಬೀಳಲಿ ಎಂದು ಅದನ್ನು ಕಿಟಕಿಯ ಪಕ್ಕಕ್ಕೆ ಸರಿಸಿಕೊಟ್ಟ. ಒಮ್ಮೆ ಸೂಜಿಗೆ ದಾರ ಪೋಣಿಸಲಾಗದೆ ಅವಳು ಒದ್ದಾಡುತ್ತಿದ್ದಾಗ, ಮೂರು ಬೆರಳಲ್ಲಿ ಕ್ಷಣದಲ್ಲಿ ಪೋಣಿಸಿ ಹೋಗಿದ್ದ. ಅವಳು ಆ ಕೈಯನ್ನೇ ನೋಡುತ್ತ ಕೂತಳು.

'ಎಷ್ಟು ಚೆಂದ ಕೆಲಸ ಮಾಡ್ತದ ಈ ಕೈ... ಇದನ್ನ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕು ಅನಸ್ತದ. ಆದರ ಯಾವ ಮುಖ ಇಟ್ಟುಕೊಂಡು?'

ಅವಳು ನೋಡುವುದನ್ನು ಅವನು ಕಂಡ. ಕೈ ಮತ್ತೆ ಕಿಸೆಗೆ ಹೋಯಿತು.

ಇತ್ತ ಸಾವಂತ್ರವ್ವ ದಿನಕ್ಕೊಮ್ಮೆ ಬಂದು ಅವಳ ಕಾಲನ್ನೇ ನೋಡುತ್ತಿದ್ದಳು. "ಇನ್ನೂ ಕಾಲುಂಗುರ ಇಲ್ಲೇನ ತಂಗೀ?" ನಾಗರತ್ನಾ ಸೀರೆಯ ಅಂಚಿನೊಳಗೆ ಬೆರಳು ಮಡಚಿಕೊಳ್ಳುವುದನ್ನು ಕಲಿತಳು.

* * *

ಅವಳ ಕೈಗುಣ ಒಳ್ಳೆಯದಿತ್ತು. ತಿಂಗಳೊಳಗೆ ಓಣಿಯ ಹೆಂಗಸರು ರವಿಕೆಯ ಖಣ ತಂದು ಕುಬಸ ಹೊಲಿಸತೊಡಗಿದರು. ಆಷಾಢಕ್ಕೆ ನಾಲ್ಕು ದಿನವಿದ್ದಾಗ ಹಿಂದಿನ ಓಣಿಯ ತಬಸುಮ ಬಂದಳು. ಅವಳೂ ಹೊಸ ಮದುವೆಯ ಹುಡುಗಿ. ಕಂಕುಳ ಅಳತೆಗೆ ಟೇಪು ತಾಗಿಸಿದರೆ ಸಾಕು, ಕಿಸಕ್ಕೆಂದು ನಕ್ಕು ಗೋಡೆಗೆ ಅಂಟುತ್ತಿದ್ದಳು.

"ಅಕ್ಕಾ ಬ್ಯಾಡ್ರೀ! ನನಗ ಭಾಳ ಕಚಗುಳಿ! ಹಳೇ ಕುಬಸದ ಅಳತೀನ ತಗೋರಿ!"

ನಾಗರತ್ನಾ ಟೇಪು ಕೆಳಗಿಟ್ಟಳು. ಅವಳು ಈ ನಗುವಿಗೆ ಎಂದೂ ನಗುವವಳಲ್ಲ.

"ಹೆದರಬ್ಯಾಡ. ನನ್ನ ಕೈ ಮ್ಯಾಲ ನಿನ್ನ ಕೈ ಇಡು. ಹಾಂ, ಹಂಗ. ಈಗ ನನ್ನ ಕೈ ಎತ್ತ ಹೋಗಬೇಕು ಅನ್ನೂದನ್ನ ನೀನ ಹೇಳು."

ತಬಸುಮ ಅನುಮಾನದಿಂದಲೇ ಕೈ ಇಟ್ಟಳು. ಟೇಪು ಕಂಕುಳ ಸುತ್ತಿ ಬಂತು. ನಗು ಬರಲಿಲ್ಲ!

"ಅರೆ! ಏನು ಮಾಟ ಇದು ಅಕ್ಕಾ?"

"ಮಾಟ ಅಲ್ಲ ಮಾರಾಯ್ತಿ. ನಮ್ಮ ಕೈ ನಮಗ ಕಚಗುಳಿ ಇಡತೈತೇನು? ಇಡಂಗಿಲ್ಲ. ಕೈ ಮ್ಯಾಲ ಕೈ ಇದ್ರ ಮೈ ತಾನ ಮುಟ್ಟಿಕೊಳ್ಳಾಕತ್ತೇನಿ ಅಂತ ತಿಳಕೊಂತೈತಿ."

ತಬಸುಮಳ ಕೆನ್ನೆ ಕೆಂಪಾಯಿತು. "ಖರೆ ಹೇಳ್ತೇನಿ, ನಗಬ್ಯಾಡ್ರಿ. ಮನ್ಯಾಗ ನಮ್ಮವರು ಕಚಗುಳಿ ಇಟ್ರ ನನಗ ಚೆಂದ ಅನಸತೈತಿ. ಬ್ಯಾರೇದವ್ರು ಮುಟ್ಟಿದ್ರ ಮೈಯೆಲ್ಲ ಮುಳ್ಳ! ಯಾಕ ಹಂಗ?"

"ನಿಮ್ಮವರು ಬಿಡು ಅಂದ್ರ ಬಿಡತಾರಿಲ್ಲೊ?"

"ಕೂಡ್ಲೇ ಬಿಡತಾರ."

"ಅಷ್ಟ. ಬಿಡತಾರ ಅಂತ ಗೊತ್ತಿದ್ರ ಅದು ಆಟ. ಬಿಡಂಗಿಲ್ಲ ಅಂದ್ರ..." ನಾಗರತ್ನಾಳ ದನಿ ತಡವರಿಸಿತು. "ಅದು ಆಟ ಅಲ್ಲ."

ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದ ಶಿವಬಸವ್ವನ ಕೈ ಮೊರದ ಮೇಲೆ ನಿಂತಿತು. ತಬಸುಮ ಹೋದ ಮೇಲೆ ಅತ್ತೆ ಎದ್ದು ಹತ್ತಿರ ಬಂದಳು.

"ನಾಗರತ್ನಾ... ಒಂದು ಮಾತು ಕೇಳ್ತೇನಿ. ನಿನಗೂ ಹಂಗ ಕಚಗುಳಿ ಆಗತೈತೇನು? ಅವತ್ತು ಸುರಗ್ಯಾಗ... ಅದಕ್ಕ ನಕ್ಕೇನು?"

ಆ ಮುದುಕಿಯ ಕಣ್ಣಲ್ಲಿ ಎಂಥ ಆಸೆ! ಹೂಂ ಎಂದಿದ್ದರೆ ಸಾಕಿತ್ತು. ಒಂದೇ ಅಕ್ಷರ!

ಆದರೆ ನಾಗರತ್ನಾಳ ಕಿವಿಯಲ್ಲಿ ಹದಿನೈದು ವರ್ಷದ ಹಿಂದಿನ ನಗುವೆಲ್ಲ ಒಟ್ಟಿಗೆ ಕೇಳಿಸಿತು. ಹೂಂ ಎಂದರೆ ಅತ್ತೆ ತವರಿಗೆ ಫೋನು ಮಾಡುತ್ತಾಳೆ, ಚಿಗವ್ವ ಎಲ್ಲ ಹೇಳುತ್ತಾಳೆ, ಸಾವಂತ್ರವ್ವನಿಗೆ ತಿಳಿಯುತ್ತದೆ... 

"ಇಲ್ರೀ ಅತ್ತಿ," ಅಂದುಬಿಟ್ಟಳು. "ನನಗ ಹಂಗೇನೂ ಇಲ್ಲ."

ಶಿವಬಸವ್ವನ ಮುಖ ಬಾಡಿತು. "ಹಂಗಾದ್ರ..." ಅಷ್ಟೇ ಅಂದು, ಉಳಿದ ಮಾತು ನುಂಗಿ ಒಳಗೆ ಹೋದಳು.

ಬಾಗಿಲ ಹೊರಗೆ ಚಪ್ಪಲಿಯ ಸದ್ದಾಯಿತು. ನಾಗರತ್ನಾ ತಿರುಗಿ ನೋಡಿದಳು. ಮಧ್ಯಾಹ್ನದ ಊಟಕ್ಕೆ ಬಂದ ಚೇತನ ಅಲ್ಲೇ ನಿಂತಿದ್ದ. ಎಲ್ಲಾ ಕೇಳಿಸಿಕೊಂಡಿದ್ದ.

ಅವನು ಒಳಗೆ ಬರಲಿಲ್ಲ. ಅಂದು ಊಟವನ್ನೂ ಮಾಡಲಿಲ್ಲ.

ಮರುದಿನ ಮುಂಜಾನೆ ಹಲ್ಲುಜ್ಜುತ್ತ ನಿಂತವನು ಅವಳ ಕಡೆ ನೋಡದೆಯೇ ಹೇಳಿದ. "ಆಷಾಢಕ್ಕ ತವರಿಗಿ ಹೋಗಬೇಕಲ್ರಿ. ನಿಮ್ಮ ಅಪ್ಪಗ ಮೊಣಕಾಲು ನೋವಂತ, ಕರಿಯಾಕ ಬರಾಕಾಗಂಗಿಲ್ಲಂತ. ನಾನ ಬಿಟ್ಟು ಬರ್ತೇನಿ."

"ಹೂಂ ರೀ."

"ಮತ್ತ..." ಅವನು ಬಾಯಿ ಮುಕ್ಕಳಿಸಿ ಉಗುಳಿದ. "ತಿರುಗಿ ಬರಬೇಕು ಅನಸದಿದ್ರ ಬರಬ್ಯಾಡ್ರಿ. ನಾ ಯಾರ ಮುಂದೂ ನಿಮ್ಮನ್ನ ಕೆಟ್ಟ ಅನ್ನಂಗಿಲ್ಲ. ಹೇಸಿಗಿ ಅನಸೂ ಕೈ ಕೂಡ ಯಾರಿಗೂ ಬಾಳ್ವೆ ಮಾಡಾಕ ಆಗಂಗಿಲ್ಲ."

ನಾಗರತ್ನಾ ಒಳಗೆ ಹೋಗಿ ಬಟ್ಟೆಯ ಚೀಲ ತುಂಬತೊಡಗಿದಳು. ಮಾತಾಡಬೇಕಾದಾಗ ಬಾರದ ಮಾತು ಇದ್ದರೆಷ್ಟು, ಬಿಟ್ಟರೆಷ್ಟು!

* * *

ಬದಾಮಿಯ ಬಸ್ಸು ಹುನಗುಂದ ದಾಟಿತು. ಇಬ್ಬರ ನಡುವೆ ಅವಳ ಬಟ್ಟೆಯ ಚೀಲ ಕೂತಿತ್ತು. ಅವನ ಬಲಗೈ ಕಿಸೆಯಲ್ಲೇ ಇತ್ತು.

'ಬದಾಮಿ ಬಂದರೆ ಮುಗೀತು. ಅಲ್ಲಿ ಅಪ್ಪ, ಅವ್ವ, ಚಿಗವ್ವಂದಿರು... ಅವರ ನಡುವೆ ನನ್ನ ಬಾಯಿ ಇನ್ನೂ ಗಟ್ಟಿಯಾಗಿ ಹೊಲಿದುಹೋಗುತ್ತದೆ. ಇವರು ತಿರುಗಿ ಹೋಗಿಬಿಡುತ್ತಾರೆ...'

ಅಮೀನಗಡದಲ್ಲಿ ಬಸ್ಸು ನಿಂತಿತು. "ಹತ್ತು ಮಿನಿಟು! ಚಹಾ ಕುಡಿಯೋರು ಕುಡೀರಿ, ಕರದಂಟು ತಗೊಳ್ಳೋರು ತಗೋರಿ!" ಎಂದು ಕಂಡಕ್ಟರ್ ಕೂಗಿದ.

ಚೇತನ ಇಳಿದು ಹೋಗಿ ಒಂದು ಡಬ್ಬಿ ಕರದಂಟು ತಂದ. ಕಿಟಕಿಯ ಹೊರಗಿನಿಂದಲೇ ಎಡಗೈಯಲ್ಲಿ ಚಾಚಿದ.

"ಮನ್ಯಾಗ ಕೊಡ್ರಿ. ಮತ್ತ ಇದು..." ಡಬ್ಬಿಯ ಮೇಲೆ ಕೆಂಪು ಬಟ್ಟೆಯ ಒಂದು ಸಣ್ಣ ಗಂಟು ಇಟ್ಟ. "ಕಾಲುಂಗುರ. ನಿಮ್ಮೂರ ಪತ್ತಾರರ ಕಡೆ ಹಾಕಿಸ್ಕೊಳ್ರಿ. ನಮ್ಮ ಮನಿ ಪದ್ಧತಿ ಅಂತ ಕಾಯಬ್ಯಾಡ್ರಿ. ಬರೇ ಕಾಲಿಲೆ ಅಡ್ಡಾಡಿದ್ರ ಜನ ನಿಮ್ಮನ್ನ ಅಂತಾರ."

'ನನ್ನಿಂದ ಇಷ್ಟಾದರೂ, ಜನ ನನ್ನನ್ನು ಅಂತಾರೆ ಎಂಬ ಚಿಂತೆ ಇವರಿಗೆ!'

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಗಂಟನ್ನು ಮುಷ್ಟಿಯಲ್ಲಿ ಹಿಡಿದು ದಡದಡ ಬಸ್ಸಿಳಿದಳು. ಅವನ ಎದುರು ನಿಂತಳು. ಬಾಯಿಗೆ ಬಂದದ್ದು ಒಂದೇ ಮಾತು, ಅದೂ ಎಲ್ಲರಿಗೂ ಕೇಳುವಷ್ಟು ಜೋರಾಗಿ!

"ನಾ ಕಚಗುಳಿಗೆ ನಕ್ಕೇನ್ರಿ! ನಿಮ್ಮ ಕೈಗಲ್ಲ!"

ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಮಕ್ತುಮಬಿ ಮಾಲೆ ಕಟ್ಟುವುದನ್ನು ನಿಲ್ಲಿಸಿದಳು.

ಚೇತನನ ಮುಖ ಗಟ್ಟಿಯಾಯಿತು. "ಕನಿಕರಕ್ಕ ಸುಳ್ಳು ಹೇಳಬ್ಯಾಡ್ರಿ. ಅವ್ವ ಕೇಳಿದಾಗ ಹಂಗೇನೂ ಇಲ್ಲ ಅಂದ್ರಿ. ನಾ ಬಾಗಲದಾಗ ಇದ್ದೆ."

"ಅದ ಸುಳ್ಳು! ಅತ್ತಿ ಮುಂದ ಹೇಳಿದ್ದ ಸುಳ್ಳು!"

"ಕಚಗುಳಿ ಆಗೂದನ್ನ ಮುಚ್ಚಾಕ ಯಾರರೆ ಸುಳ್ಳು ಹೇಳ್ತಾರೇನು? ಅದ್ರಾಗ ನಾಚೂದು ಏನೈತಿ?"

"ಐತಿ..." ಅವಳ ದನಿ ಕುಸಿಯಿತು. "ನನಗೈತಿ."

ಬಸ್ಸು ಹಾರ್ನ್ ಹಾಕಿತು. ಚೇತನ ಒಮ್ಮೆ ಬಸ್ಸಿನ ಕಡೆ, ಒಮ್ಮೆ ಅವಳ ಕಡೆ ನೋಡಿದ. ಆಮೇಲೆ ಬಸ್ಸು ಹತ್ತಿ, ಅವಳ ಚೀಲ ಮತ್ತು ಕರದಂಟಿನ ಡಬ್ಬಿ ಎರಡನ್ನೂ ಇಳಿಸಿಕೊಂಡು ಬಂದ.

"ಹೋಗಲಿ ಬಿಡ್ರಿ, ಮುಂದಿನ ಬಸ್ಸಿಗಿ ಬರ್ತೇವಿ," ಎಂದು ಕಂಡಕ್ಟರನಿಗೆ ಹೇಳಿದ.

ಅಂಗಡಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅವಳು ತಲೆ ಎತ್ತಲಿಲ್ಲ. ಮುಷ್ಟಿಯಲ್ಲಿದ್ದ ಕೆಂಪು ಗಂಟನ್ನೇ ನೋಡುತ್ತ ಹೇಳತೊಡಗಿದಳು.

"ನಾ ಒಂಬತ್ತು ವರ್ಷದಾಕಿ ಇದ್ದೆ. ಬನಶಂಕರಿಯೊಳಗ ನಮ್ಮ ಚಿಗವ್ವನ ಲಗ್ನ. ನಮ್ಮವ್ವ ನನಗ ಹಸರ ರೇಶ್ಮಿ ಲಂಗಾ ಹೊಲದಿದ್ಲು. ಹಂದರದಾಗ ಕುಂತಾಗ ನಮ್ಮ ಮಾವಗಳು, ಅವರ ಗೆಳ್ಯಾರು... ಇಬ್ರು ಕೈ ಹಿಡದ್ರು, ಒಬ್ಬವ ಕಾಲು ಹಿಡದ. ಅಂಗಾಲಿಗಿ ಕಚಗುಳಿ ಇಡಾಕ ಹತ್ತಿದ್ರು. ನಾ ಬಿಡ್ರೀ, ಬಿಡ್ರೀ ಅಂದೆ. ಆದ್ರ ನಗೂ ನಡುವ ಅಂದೆ. ನಗತಾಳಂದ್ರ ಖುಷಿ ಐತಿ ಅಂತ ಅವರು ಇನ್ನಷ್ಟು ಇಟ್ರು. ಉಸರ ನಿಂತಂಗ ಆತು..."

ಅವಳು ಪಾದಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು.

"ಲಂಗಾದಾಗ ಉಚ್ಚಿ ಹೊಯ್ಕೊಂಡ್ನಿರಿ. ಎಲ್ಲಾರ ಮುಂದ. ಕುಂತ ಜಮಖಾನಿ ತೊಯ್ತು. ಆಗ ಬಿಟ್ರು. ಆದ್ರ ನಗೂದು ಬಿಡಲಿಲ್ಲ. ಗಂಡಿನ ಕಡ್ಯಾವ್ರು, ಹೆಣ್ಣಿನ ಕಡ್ಯಾವ್ರು, ಎಲ್ಲಾರೂ ನಕ್ರು. ಹತ್ತನೇತ್ತಾ ಮುಗಿಯೂತನಾ ನನಗ ನಮ್ಮ ಮಂದ್ಯಾಗ ತೊಯ್ದಲಂಗಾ ಅಂತ ಹೆಸರು. ಈಗೂ ಚಿಗವ್ವ ಮರತಿಲ್ಲ."

ಚೇತನ ಅವಳ ಕಡೆ ತಿರುಗಿ ಕೂತ.

"ಸುರಗ್ಯಾಗ ನೀವು ಕಾಲು ಮುಟ್ಟಿದಾಗ ಮತ್ತ ಹಂಗ ಆಗತೈತಿ ಅಂತ ಜೀವಾನ ಹೋತು. ನಮ್ಮವ್ವ ಹೇಳಾಕ ಹೋದ್ಲು. ನಾನ ಕೈ ಹಿಂಡಿ ಬ್ಯಾಡ ಅಂದೆ. ಹೇಳಿದ್ರ ಆ ಕಥಿ ಹೊರಗ ಬರತಿತ್ತು." ಈಗ ಕಣ್ಣೀರು ಧಾರೆಯಾಗಿ ಇಳಿಯಿತು. "ನನ್ನ ನಾಚಿಕಿ ಮುಚ್ಚಾಕ ನಿಮ್ಮ ಮಾನ ಕಳದೇನ್ರಿ. ಗೊತ್ತಿದ್ದ ಕಳದೇನಿ. ಅದಕ್ಕ ನನಗ ನಿಮ್ಮ ಮಾರಿ ನೋಡಾಕ ಆಗಂಗಿಲ್ಲ."

 ಅವನು ಮಾತಾಡಿದಾಗ ದನಿಯಲ್ಲಿ ನೋವಿತ್ತು. ಅದರಲ್ಲಿ ಸಿಟ್ಟೂ ಇತ್ತು, ಇರಲೇಬೇಕಲ್ಲ!

"ಐದು ವಾರ ನಾಗರತ್ನಾ... ಐದು ವಾರ ಕನ್ನಡಿ ಮುಂದ ಈ ಕೈ ಹಿಡಕೊಂಡು ನಿಂತೇನಿ. ಇದ್ರಾಗ ನಗೂವಂಥಾದ್ದು ಏನೈತಿ ಅಂತ ಹುಡಿಕೇನಿ. ಒಂದು ಮಾತು ಹೇಳಬಾರದಿತ್ತೇನು?"

"ಹೇಳಬೇಕಿತ್ತು. ತಪ್ಪು ನಂದ ಐತಿ. ಬೈರಿ. ಬೇಕಾದ್ರ ಬಡೀರಿ."

"ಬಡ್ಯಾಕ ಬಂದೇನೇನು ನಾ?" ಅವನು ಸಿಡುಕಿದ. ಆಮೇಲೆ ನಿಧಾನವಾಗಿ ಬಲಗೈಯನ್ನು ಕಿಸೆಯಿಂದ ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅದನ್ನು ನೋಡುತ್ತ ಸಣ್ಣಗೆ ಹೇಳಿದ. "ನಾನೂ ಒಂದು ಮುಚ್ಚಿಟ್ಟೇನಿ. ಹೇಳಿದ್ರ ಹುಚ್ಚ ಅಂತಾರಂತ ಡಾಕ್ಟರಿಗೂ ಹೇಳಿಲ್ಲ."

"ಏನ್ರಿ?"

"ಈ ಎರಡು ಬೆರಳು ಇಲ್ಲ ಅಲ್ಲ... ಆದ್ರೂ ಅವಕ್ಕ ಕಚಗುಳಿ ಆಗತೈತಿ."

ಅವಳು ಬೆರಗಾಗಿ ತಲೆ ಎತ್ತಿದಳು.

"ಖರೇನ! ಇಲ್ಲದ ಬೆರಳಿಗಿ ಯಾರೋ ಹಕ್ಕಿ ಪುಕ್ಕಾ ಆಡಿಸಿದಂಗ. ಕೆರಕೋಬೇಕಂದ್ರ ಕೆರಕೊಳ್ಳಾಕ ಬೆರಳ ಇಲ್ಲ. ಫ್ಯಾಕ್ಟರ್ಯಾಗ ಮಂದಿ ಮುಂದ ಒಮ್ಮಿಗಿಲೆ ನಗಿ ಬಂದಂಗಾಗತೈತಿ, ಅಳೂ ಬಂದಂಗಾಗತೈತಿ. ಅದಕ್ಕ ಹಂಗಾದಾಗೆಲ್ಲಾ ಕಿಸೇದಾಗ ಮುಚಗೊಂಡು ಹಿಡದಿರ್ತೇನಿ."

ನಾಗರತ್ನಾ ಇಷ್ಟು ದಿನ ಆ ಕೈ ಕಿಸೆಗೆ ಹೋದಾಗಲೆಲ್ಲ ತನ್ನ ಮೇಲಿನ ಮುನಿಸು ಎಂದುಕೊಂಡಿದ್ದಳು! ಇಬ್ಬರೂ ಒಂದೇ ಸೂರಿನ ಕೆಳಗೆ ಒಂದೇ ರೋಗವನ್ನು ಬೇರೆ ಬೇರೆ ಮೂಲೆಯಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದರು.

ಅವಳು ಮುಷ್ಟಿ ತೆರೆದು ಕೆಂಪು ಗಂಟು ಬಿಚ್ಚಿದಳು. ಎರಡು ಬೆಳ್ಳಿಯ ಕಾಲುಂಗುರ ಬಿಸಿಲಿಗೆ ಹೊಳೆದವು.

"ತೊಡಸ್ರಿ."

"ಇಲ್ಲಿ? ಇಷ್ಟು ಮಂದ್ಯಾಗ?"

"ಮಂದ್ಯಾಗ ನಿಮ್ಮ ಮಾನ ಹೋಗೇತಿ. ಮಂದ್ಯಾಗ ತೊಡಸ್ರಿ."

"ಮತ್ತ ನಗಿ ಬಂದ್ರ?"

"ಬಂದ್ರ ಬರ್ಲಿ."

ಅವನು ಅನುಮಾನಿಸಿದ. "ನಗೂದ್ರೊಳಗ ಬಿಡು ಅಂದ್ರ ನನಗ ಹೆಂಗ ತಿಳೀಬೇಕು?"

ಆ ಪ್ರಶ್ನೆಯನ್ನು ಹದಿನೈದು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

"ನಿಮ್ಮ ಕೈ ಮ್ಯಾಲ ನನ್ನ ಕೈ ಇರತೈತಿ," ಎಂದಳು. "ನಾ ಕೈ ತಗದ್ರ ನಿಲ್ಲಸ್ರಿ. ನಗಿ ಕಡೆ ಲಕ್ಷ್ಯ ಕೊಡಬ್ಯಾಡ್ರಿ. ಕೈ ಕಡೆ ಕೊಡ್ರಿ."

ಚೇತನ ಕಟ್ಟೆಯಿಂದ ಇಳಿದು ನೆಲದ ಮೇಲೆ ಮೊಣಕಾಲೂರಿ ಕೂತ. ಅವಳು ಚಪ್ಪಲಿ ಬಿಟ್ಟು ಕಾಲು ಮುಂದಿಟ್ಟಳು. ಅವನ ಬಲಗೈಯನ್ನು ಮೊದಲ ಸಲ ತಾನೇ ಹಿಡಿದಳು. ಆ ಎರಡು ಮೊಂಡುಗಳು ಕಲ್ಲಿನ ಕೆಲಸದಿಂದ ಒರಟಾಗಿ, ಬೆಚ್ಚಗೆ ಇದ್ದವು. ಅವನ ಕೈಯ ಮೇಲೆ ತನ್ನ ಕೈ ಇಟ್ಟು ಪಾದದ ಹತ್ತಿರ ತಂದಳು.

ಮೊಂಡು ಅಂಗಾಲಿಗೆ ತಾಗಿತು. ಕಿಸಕ್ಕೆಂದು ನಗು ಉಕ್ಕಿತು! ಹಳೆಯ ಭಯ ಮತ್ತೆ ಎದ್ದು ಬಂತು. ಗೊತ್ತಿಲ್ಲದೆಯೇ ಕೈ ತೆಗೆದುಬಿಟ್ಟಳು.

ಅವನು ನಿಲ್ಲಿಸಿದ.

ಆ ಕ್ಷಣವೇ ನಿಲ್ಲಿಸಿ, ಕೈಯನ್ನು ಒಂದು ಗೇಣು ಹಿಂದೆ ಸರಿಸಿ, ಅವಳ ಮುಖ ನೋಡುತ್ತ ಕಾದ. ಅವಳ ಬಾಯಿ ಇನ್ನೂ ನಗುತ್ತಿತ್ತು. ಆದರೂ ಅವನು ನಿಂತಿದ್ದ!

ನಾಗರತ್ನಾ ನಗುನಗುತ್ತಲೇ ಬಿಕ್ಕಿ ಅತ್ತಳು. ತನ್ನ ನಗುವಿನೊಳಗಿದ್ದ 'ಬಿಡು' ಅಂತೂ ಒಬ್ಬರಿಗೆ ಕೇಳಿಸಿತಲ್ಲ!

"ಸಾಕೇನು?" ಅವನು ಗಾಬರಿಯಾಗಿ ಕೇಳಿದ. "ಬ್ಯಾಡಾದ್ರ ಬ್ಯಾಡ ಬಿಡು..."

ಬಿಡು ಅಂದ. ಬಿಡ್ರಿ ಅನ್ನಲಿಲ್ಲ. ಅದು ಅವಳಿಗೆ ಕೇಳಿಸಿತು, ಅವನಿಗೆ ಗೊತ್ತಾಗಲಿಲ್ಲ.

"ಬೇಕು," ಎಂದಳು ಕಣ್ಣೊರೆಸಿಕೊಂಡು. ಕೈಯನ್ನು ಮತ್ತೆ ಅವನ ಕೈಯ ಮೇಲೆ ಇಟ್ಟಳು.

ಈ ಸಲ ಮೈ ಸುಮ್ಮನಿತ್ತು. ಒಂದು ಕಾಲಿನ ಬೆರಳಿಗೆ ಒಂದು, ಇನ್ನೊಂದು ಕಾಲಿನ ಬೆರಳಿಗೆ ಇನ್ನೊಂದು... ಬೆಳ್ಳಿ ತಣ್ಣಗೆ ಏರಿ ಕೂತಿತು.

"ಹೆಸರು ಹೇಳವ್ವಾ ಹೆಸರು!" ಮಕ್ತುಮಬಿ ಹೂವಿನ ಬುಟ್ಟಿಯ ಆಚೆಯಿಂದ ಕೂಗಿದಳು. "ಗಂಡನ ಕೈಲೆ ಕಾಲುಂಗುರ ತೊಡಿಸ್ಕೊಂಡು ಒಡಪು ಹಾಕದ ಬಿಡತೀಯೇನು? ಗಂಡನ ಹೆಸರು ಹೇಳು!"

ಚಹಾದಂಗಡಿಯವರೆಲ್ಲ ಕಿವಿ ಚಾಚಿದರು. ಮೊದಲಿನ ನಾಗರತ್ನಾ ಆಗಿದ್ದರೆ ನೆಲ ಬಿರಿಯಬಾರದೇ ಅನ್ನುತ್ತಿದ್ದಳು. ಇವತ್ತು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಇಳಕಲ್ಲ ಸೀರಿಗಿ ಕೆಂಪ ಸೆರಗ ಚೆಂದ,
ಅಮೀನಗಡದ ಕರದಂಟಿಗಿ ಅಂಟಬೆಲ್ಲ ಚೆಂದ,
ನನ್ನ ಎರಡೂ ಕಾಲಿಗಿ ಚೇತನಕುಮಾರ ಅವರ ಮೂರು ಬೆರಳ ಚೆಂದ!"

"ಶಬಾಶ್!" ಎಂದು ಮುದುಕಿ ಒಂದು ಮೊಳ ಮಲ್ಲಿಗೆ ಎಸೆದಳು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಚೇತನನ ಕಿವಿಯವರೆಗೂ ಕೆಂಪೇರಿತ್ತು. ಅವಳ ಮುಡಿಗೆ ಹೂ ಇಡುವಾಗ ಕೈ ಅಡಗಿಸಬೇಕು ಎಂಬುದು ಅವನಿಗೆ ನೆನಪೇ ಆಗಲಿಲ್ಲ. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಬದಾಮಿಯದು ಯಾವುದು, ಇಳಕಲ್ಲಿನದು ಯಾವುದು ಎಂದು ಇಬ್ಬರೂ ನೋಡಲಿಲ್ಲ.

"ಆಷಾಢಕ್ಕ ತವರಿಗಿ ಹೋಗೂದು ಪದ್ಧತಿ," ಎಂದ ಅವನು, ಕಟ್ಟೆಯ ಮೇಲೆ ಅವಳ ಪಕ್ಕ ಕೂತು.

"ಹೋಗ್ತೇನಿ. ಆಷಾಢ ಮುಗಿದ ದಿನ ಕರಿಯಾಕ ಬರ್ರಿ. ಒಂದು ದಿನಾನೂ ತಡಾ ಮಾಡಬ್ಯಾಡ್ರಿ." ಅವಳು ಸ್ವಲ್ಪ ತಡೆದು ಹೇಳಿದಳು. "ಬಂದ ಮ್ಯಾಲ ಅತ್ತಿ ಮುಂದ ನಾನ ಎಲ್ಲಾ ಹೇಳ್ತೇನಿ. ಸಾವಂತ್ರವ್ವನೂ ಕೇಳಿಸ್ಕೊಂಡ್ರ ಕೇಳಿಸ್ಕೊಳ್ಳಲಿ."

ಅವನು ನಕ್ಕ. ಮದುವೆಯಾದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಗುತ್ತಿದ್ದವನು ಒಮ್ಮೆಲೇ ಮುಖ ಕಿವುಚಿದ. ಬಲಗೈ ತಾನಾಗಿ ಕಿಸೆಯತ್ತ ಹೊರಟಿತು.

ನಾಗರತ್ನಾಗೆ ಈಗ ಕೇಳಬೇಕಾಗಿರಲಿಲ್ಲ. ಕಿಸೆಯ ಬಾಯಲ್ಲೇ ಆ ಕೈಯನ್ನು ತಡೆದು, ತನ್ನ ಮಡಿಲಿಗೆ ತಂದುಕೊಂಡಳು. ಮೊಂಡುಗಳಾಚೆ, ಬೆರಳು ಇರಬೇಕಾಗಿದ್ದ ಬರಿ ಜಾಗದ ಮೇಲೆ ತನ್ನ ಅಂಗೈಯನ್ನು ಮೆಲ್ಲಗೆ ಇಟ್ಟಳು.

"ಇಲ್ಲೇನ್ರಿ?"

"ಅಲ್ಲೇ... ಇನ್ನೊಂದು ಸ್ವಲ್ಪ ಈ ಕಡೆ."

ಅವಳು ಅಂಗೈ ಸರಿಸಿದಳು.

"ಈಗ?"

ಅವನು ಕಣ್ಣು ಮುಚ್ಚಿದ.

"ಈಗ ನಿಂತೈತಿ," ಎಂದ. "ಕೈ ತಗೀಬ್ಯಾಡ ನೀ."